ಒಂದೇ ಬಣ್ಣದ ಬೆಳಕು: ಕಾಡುಗೋಡಿಯ ಆಕಾಶದ ಇತಿಹಾಸ

ಸುವರ್ಣ ಮಹೋತ್ಸವ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡು ಎಂದು ನನ್ನ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದರು. "ಸರ್, ನಾನು ಬಿ.ಇ. ಓದಿದವನು. ಸಮಾಜ ವಿಜ್ಞಾನದಲ್ಲಿ ನನಗೆ ಬರುತ್ತಿದ್ದ ಅಂಕ ನಿಮಗೇ ಗೊತ್ತಲ್ಲ" ಎಂದೆ. "ಕೆರೆ, ದೇವಸ್ಥಾನ, ಶಾಸನ ಎಲ್ಲ ಬೇರೆಯವರು ಬರೀತಾರೆ. ನೀನು ರಾತ್ರಿಯೆಲ್ಲ ಹಿತ್ತಿಲಲ್ಲಿ ಕೂತು ಏನು ಮಾಡ್ತೀಯೋ ಅದನ್ನ ಬರಿ" ಎಂದರು. ಅದಕ್ಕೂ ಇತಿಹಾಸವಿದೆಯೇ ಎಂದು ಹುಡುಕಲು ಹೊರಟಾಗ, 1868ರ ಬೆಂಗಳೂರು ಎದುರಾಯಿತು.

ಮೊದಲು ನಾನು ಮಾಡುವ ಕೆಲಸವನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯ ಹಿಂದೆ, ಒಂದು ಕಾಲಕ್ಕೆ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ, 80 ಮಿಲಿಮೀಟರ್ ಮಸೂರದ ಒಂದು ಚಿಕ್ಕ ದೂರದರ್ಶಕವನ್ನು ನಿಲ್ಲಿಸಿ ನೀಹಾರಿಕೆಗಳ ಚಿತ್ರ ತೆಗೆಯುತ್ತೇನೆ. ನೀಹಾರಿಕೆ ಎಂದರೆ ನಕ್ಷತ್ರಗಳ ನಡುವೆ ಹರಡಿಕೊಂಡಿರುವ ಅನಿಲ ಮತ್ತು ಧೂಳಿನ ಮೋಡ. ತಾರಸಿಯ ಮೇಲೆ ಏಕೆ ಇಡಬಾರದು ಎಂದು ಎಲ್ಲರೂ ಕೇಳುತ್ತಾರೆ. ತಾರಸಿಯಲ್ಲಿ ಯಾರಾದರೂ ನಡೆದರೆ ಸಾಕು, ಚಿತ್ರ ಅಲುಗುತ್ತದೆ. ಅದಲ್ಲದೆ, ನಾನು ರಾತ್ರಿ ಹೊತ್ತು ಪಕ್ಕದ ಮನೆಗಳ ಕಿಟಕಿ ನೋಡುತ್ತೇನೆಂದು ಬೀದಿಯಲ್ಲಿ ಒಮ್ಮೆ ಮಾತು ಹುಟ್ಟಿತ್ತು. ಹಿತ್ತಿಲಿನಿಂದ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಆಕಾಶವೂ ಈಗ ತುಂಡು ತುಂಡಾಗಿದೆ.

ನಾನು ಚಿಕ್ಕವನಿದ್ದಾಗ ಹೀಗಿರಲಿಲ್ಲ. ಕರೆಂಟ್ ಹೋದ ರಾತ್ರಿ ಅಜ್ಜಿ ಅಂಗಳದಲ್ಲಿ ಚಾಪೆ ಹಾಸುತ್ತಿದ್ದರು. ಕೃತ್ತಿಕೆಯ ಗೊಂಚಲು, ಸಪ್ತರ್ಷಿಗಳು, ಬೇಸಿಗೆಯಲ್ಲಿ ನಡುರಾತ್ರಿ ದಾಟಿದ ಮೇಲೆ ಮಬ್ಬಾಗಿ ಆಕಾಶಗಂಗೆ, ಇವೆಲ್ಲ ಈ ಊರಿನಿಂದಲೇ ಕಾಣುತ್ತಿದ್ದವು. ಆಮೇಲೆ ಐಟಿಪಿಎಲ್ ಬಂತು, ಅಪಾರ್ಟ್‌ಮೆಂಟುಗಳು ಬಂದವು, 2023ರ ಮಾರ್ಚ್‌ನಲ್ಲಿ ಮೆಟ್ರೋ ಬಂತು. ಇವನ್ನು ದೂರುವ ಹಕ್ಕು ನನಗಿಲ್ಲ. ಆ ದೀಪಗಳ ಕೆಳಗೇ ಕೂತು ಸಂಬಳ ಎಣಿಸುತ್ತಿದ್ದೇನೆ, ದೂರದರ್ಶಕ ಕೊಂಡದ್ದೂ ಅದೇ ಸಂಬಳದಿಂದ. ಇಂದು ನಮ್ಮ ಹಿತ್ತಿಲಿನಿಂದ ಬರಿಗಣ್ಣಿಗೆ ಒಳ್ಳೆಯ ರಾತ್ರಿಯಲ್ಲೂ ಕೆಲವೇ ಹತ್ತು ನಕ್ಷತ್ರಗಳು ಕಂಡರೆ ಹೆಚ್ಚು.

ಹಾಗಿದ್ದೂ ಇಲ್ಲಿಂದ ನೀಹಾರಿಕೆಯ ಚಿತ್ರ ಬರುತ್ತದೆ. ಹೇಗೆಂದು ತಿಳಿಯಲು ಅಡುಗೆಮನೆಗೆ ಹೋಗಬೇಕು. ಸಾರು ಉಕ್ಕಿ ಬರ್ನರ್ ಮೇಲೆ ಚೆಲ್ಲಿದಾಗ ನೀಲಿ ಉರಿ ಒಮ್ಮೆಲೇ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ, ಅದರ ತರಂಗಾಂತರ 589 ನ್ಯಾನೋಮೀಟರ್. ಹಾಗೆಯೇ ಜಲಜನಕಕ್ಕೆ ಅದರದೇ ಕೆಂಪು, 656.3. ಆಮ್ಲಜನಕ ಎರಡು ಎಲೆಕ್ಟ್ರಾನ್ ಕಳೆದುಕೊಂಡಾಗ ಕೊಡುವ ಹಸಿರು 500.7. ಬಿಸಿ ನಕ್ಷತ್ರಗಳ ಬಳಿ ಹೊಳೆಯುವ ನೀಹಾರಿಕೆಗಳು ತಮ್ಮ ಬೆಳಕಿನ ದೊಡ್ಡ ಪಾಲನ್ನು ಇಂಥ ಕೆಲವೇ ಬಣ್ಣಗಳಲ್ಲಿ ಕೊಡುತ್ತವೆ. ನನ್ನ ನ್ಯಾರೋಬ್ಯಾಂಡ್ ಫಿಲ್ಟರ್ ಆ ಒಂದು ಬಣ್ಣದ ಸುತ್ತ ಏಳು ನ್ಯಾನೋಮೀಟರ್ ಅಗಲದ ಕಿಂಡಿಯನ್ನಷ್ಟೇ ತೆರೆದು ಉಳಿದುದನ್ನೆಲ್ಲ ತಡೆಯುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಹರವು ಸುಮಾರು ಮುನ್ನೂರು ನ್ಯಾನೋಮೀಟರ್. ಅಂದರೆ ಬೀದಿ ದೀಪಗಳ ಬೆಳಕಿನಲ್ಲಿ ನಲವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಜಲಜನಕದ ಕೆಂಪು ಮಾತ್ರ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ. ಕೆ.ಆರ್. ಮಾರುಕಟ್ಟೆಯ ಗದ್ದಲದಲ್ಲೂ ತಾಯಿಗೆ ತನ್ನ ಮಗುವಿನ ಅಳು ಕೇಳಿಸುವಂತೆ.

ನೀಹಾರಿಕೆಯ ಬೆಳಕು ಹೀಗಿದೆ ಎಂದು ಮೊದಲು ಕಂಡವರು ಲಂಡನ್ನಿನ ವಿಲಿಯಂ ಹಗ್ಗಿನ್ಸ್. ಅಲ್ಲಿಯವರೆಗೆ, ನೀಹಾರಿಕೆಗಳೆಲ್ಲ ದೂರದಿಂದ ಮಬ್ಬಾಗಿ ಕಾಣುವ ನಕ್ಷತ್ರಗಳ ಗುಂಪುಗಳೇ ಇರಬೇಕೆಂದು ಅನೇಕ ವಿದ್ವಾಂಸರು ನಂಬಿದ್ದರು. 1864ರ ಆಗಸ್ಟ್ 29ರ ರಾತ್ರಿ ಹಗ್ಗಿನ್ಸ್ ತಮ್ಮ ಮನೆಯ ವೀಕ್ಷಣಾಲಯದಿಂದ ಒಂದು ನೀಹಾರಿಕೆಯ ಬೆಳಕನ್ನು ಪಟ್ಟಕದ ಮೂಲಕ ನೋಡಿದರು. ನಕ್ಷತ್ರವಾಗಿದ್ದರೆ ಕಾಮನಬಿಲ್ಲಿನ ಪಟ್ಟಿ ಕಾಣಬೇಕಿತ್ತು. ಕಂಡದ್ದು ಮುಖ್ಯವಾಗಿ ಒಂದು ಹಸಿರು ಗೆರೆ. ಹಾಗಾದರೆ ಅದು ಅನಿಲ! ಆ ಹಸಿರು ಭೂಮಿಯ ಮೇಲಿನ ಯಾವ ಮೂಲವಸ್ತುವಿಗೂ ಹೊಂದದ ಕಾರಣ ಅದಕ್ಕೆ 'ನೆಬ್ಯುಲಿಯಂ' ಎಂಬ ಹೆಸರನ್ನೂ ಕಟ್ಟಿದರು. ಅದು ನಮ್ಮ ಉಸಿರಿನ ಆಮ್ಲಜನಕವೇ ಎಂದು ಅಮೆರಿಕದ ಐರಾ ಬೋವೆನ್ 1927ರಲ್ಲಿ ತೋರಿಸುವವರೆಗೆ ಆ ಒಗಟು ಬಿಡಿಸಲಿಲ್ಲ.

ಲಂಡನ್ನಿನಿಂದ ದಕ್ಷಿಣದ ಆಕಾಶ ಕಾಣುವುದಿಲ್ಲ. ಅಲ್ಲಿನ ನೀಹಾರಿಕೆಗಳೂ ಅನಿಲವೇ ಎಂದು ತಿಳಿಯಬೇಕಾದರೆ ಯಾರಾದರೂ ಕೆಳಗಿನ ಅಕ್ಷಾಂಶದಿಂದ ನೋಡಬೇಕಿತ್ತು. ಲಂಡನ್ನಿನ ರಾಯಲ್ ಸೊಸೈಟಿ ಆ ಕೆಲಸ ವಹಿಸಿದ್ದು ಲೆಫ್ಟಿನೆಂಟ್ ಜಾನ್ ಹರ್ಷಲ್ ಅವರಿಗೆ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲ್ ಅವರ ಮೊಮ್ಮಗ, ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಎಂಜಿನಿಯರ್. ಐದು ಇಂಚಿನ ದೂರದರ್ಶಕವೂ ರೋಹಿತದರ್ಶಕವೂ ಅವರಿಗೆ ಬಂದವು. 1868ರಲ್ಲಿ ಅವರು ಬೆಂಗಳೂರಿನಿಂದ ದಕ್ಷಿಣದ ನೀಹಾರಿಕೆಗಳನ್ನು ಒಂದೊಂದಾಗಿ ನೋಡಿ, ಯಾವುದು ಗೆರೆಗಳನ್ನು ಕೊಡುತ್ತದೆ, ಯಾವುದು ಅಖಂಡ ಪಟ್ಟಿಯನ್ನು ಕೊಡುತ್ತದೆ ಎಂದು ಬರೆದು ಲಂಡನ್ನಿಗೆ ಕಳಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ಸರ್ವೆಯ ಆಧಾರರೇಖೆಯನ್ನೂ ಅಳೆದರು. ಆ ರೇಖೆಯ ಒಂದು ತುದಿ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿತ್ತು. ಕಾಡುಗೋಡಿಯವರಿಗೆ ಅದು ದೂರದ ಊರೇನಲ್ಲ.

ಅದೇ 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ಹರ್ಷಲ್ ಅದೇ ಉಪಕರಣಗಳೊಂದಿಗೆ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಗೆ ಹೋದರು. ಮುಂಗಾರಿನ ಮೋಡ. ಆ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮೋಡದ ಬಿರುಕಿನಲ್ಲಿ ಸಿಕ್ಕ ಅಷ್ಟು ಹೊತ್ತಿನಲ್ಲೇ ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯಲ್ಲಿ ಮೂರು ಗೆರೆ ಕಂಡರು: ಕೆಂಪು, ಕಿತ್ತಳೆ, ನೀಲಿ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕೂಡ ಆ ದಿನ ಜ್ವಾಲೆಯ ಗೆರೆಗಳನ್ನು ಕಂಡು, ಮರುದಿನ ಗ್ರಹಣವಿಲ್ಲದೆಯೂ ಅವನ್ನು ನೋಡುವ ದಾರಿ ಕಂಡುಕೊಂಡರು. ಕಿತ್ತಳೆ ಗೆರೆಯನ್ನು ಹರ್ಷಲ್ ಸೋಡಿಯಂ ಎಂದುಕೊಂಡರು. ಅದು ಹೀಲಿಯಂ ಎಂದು ತಿಳಿದದ್ದು ಆಮೇಲೆ. ಕೆಂಪು ಗೆರೆ ಜಲಜನಕದ್ದು. ನಮ್ಮ ಹಿತ್ತಿಲಲ್ಲಿ ನಾನು ಹಾಕುವ ಫಿಲ್ಟರ್ ಬಿಟ್ಟುಕೊಡುವುದು ಅದೇ ಕೆಂಪನ್ನು.

ಹರ್ಷಲ್ ನೋಡಿದ ಬೆಂಗಳೂರಿನಲ್ಲಿ ವಿದ್ಯುತ್ ಇರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು, 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಅಲ್ಲಿಂದ ಮುಂದೆ ಖಗೋಳ ವಿಜ್ಞಾನಿಗಳ ಇತಿಹಾಸವೆಂದರೆ ದೀಪದಿಂದ ದೂರ ಹೋದ ಇತಿಹಾಸ. ಭಾರತೀಯ ಖಭೌತ ಸಂಸ್ಥೆಯ ಕಚೇರಿ ಕೋರಮಂಗಲದಲ್ಲಿದೆ. ಅದರ 2.34 ಮೀಟರ್ ದೂರದರ್ಶಕ, 1986ರಲ್ಲಿ ಉದ್ಘಾಟನೆಯಾದದ್ದು, ತಮಿಳುನಾಡಿನ ಕಾವಲೂರಿನ ಕಾಡಿನಲ್ಲಿದೆ. ಅದರ ನಂತರದ ಎರಡು ಮೀಟರ್ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿದೆ. ಆದರೆ ಅದನ್ನು ನಡೆಸುವ ಕೊಠಡಿ ಎಲ್ಲಿದೆ ಗೊತ್ತೇ? ನಮ್ಮ ಪಕ್ಕದ ಹೊಸಕೋಟೆಯಲ್ಲಿ, ಶಿಡ್ಲಘಟ್ಟ ರಸ್ತೆಯಲ್ಲಿ. 2001ರ ಜೂನ್‌ನಿಂದ ಅಲ್ಲಿ ಕೂತವರು ಉಪಗ್ರಹದ ಮೂಲಕ ಹಿಮಾಲಯದ ದೂರದರ್ಶಕವನ್ನು ತಿರುಗಿಸುತ್ತಿದ್ದಾರೆ. ಆ ಜೂನ್‌ನಲ್ಲಿ ನಾನು ಈ ಶಾಲೆಯ ಒಂಬತ್ತನೇ ತರಗತಿಗೆ ಕಾಲಿಟ್ಟಿದ್ದೆ. ಹೊಸಕೋಟೆಗೆ ಎಷ್ಟೋ ಸಲ ಹೋಗಿದ್ದೆವು, ಸಂತೆಗೆ, ಮದುವೆಗೆ, ಬಿರಿಯಾನಿಗೆ. ಆ ಗೇಟಿನ ಒಳಗೆ ಏನಿದೆ ಎಂದು ತಿಳಿದದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಒಂಬತ್ತನೇ ತರಗತಿಯಲ್ಲೇ ತಿಳಿದಿದ್ದರೆ ನಾನು ಬೇರೇನಾದರೂ ಓದುತ್ತಿದ್ದೆನೋ ಏನೋ.

ಹರ್ಷಲ್ ವಿಷಯ ಓದಿದ ಮೇಲೆ ನನಗೂ ಒಂದು ದಕ್ಷಿಣದ ನೀಹಾರಿಕೆ ಬೇಕೆನಿಸಿತು. ದೊಡ್ಡದು ಕರೀನಾ ನೀಹಾರಿಕೆ, ಸುಮಾರು 7500 ಜ್ಯೋತಿರ್ವರ್ಷ ದೂರ. ನಮ್ಮ ಊರಿನಿಂದ ಅದು ದಕ್ಷಿಣದಲ್ಲಿ ಹೆಚ್ಚೆಂದರೆ 17 ಡಿಗ್ರಿ ಏರುತ್ತದೆ, ಅದೂ ವರ್ತೂರು ಕಡೆಯ ದೀಪಗಳ ಮೇಲೆ. ನಮ್ಮ ಹಿತ್ತಿಲಿನ ದಕ್ಷಿಣಕ್ಕೆ ಎರಡು ಕಟ್ಟಡಗಳ ನಡುವೆ ಒಂದು ಸಂದಿದೆ. ಮಾರ್ಚ್ ತಿಂಗಳಲ್ಲಿ ನೀಹಾರಿಕೆ ಆ ಸಂದಿನಲ್ಲಿ ರಾತ್ರಿಗೆ ಸುಮಾರು ಒಂದು ಗಂಟೆ ಸಿಗುತ್ತದೆ. ದೂರದರ್ಶಕ ಭೂಮಿಯ ತಿರುಗುವಿಕೆಗೆ ಸರಿಯಾಗಿ ಸಾಗಬೇಕಾದರೆ ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗಿರಬೇಕು. ನಮ್ಮಲ್ಲಿ ಧ್ರುವ ಬರೀ 13 ಡಿಗ್ರಿ ಎತ್ತರ, ಅದು ಪಕ್ಕದ ಮನೆಯ ಗೋಡೆಯ ಹಿಂದೆ. ಹಾಗಾಗಿ ಕಾಣುವ ನಕ್ಷತ್ರಗಳ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅಕ್ಷ ಸರಿಮಾಡುತ್ತೇನೆ. ಕಲಿತ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು. ಒಂದು ರಾತ್ರಿ ಯಾವುದೋ ಮದುವೆಯ ಫೋಕಸ್ ಲೈಟು, ಇನ್ನೊಂದು ರಾತ್ರಿ ಮಸೂರದ ಮುಚ್ಚಳ ತೆಗೆಯುವುದನ್ನೇ ಮರೆತು ನಲವತ್ತು ನಿಮಿಷ ಕತ್ತಲೆಯ ಚಿತ್ರ ತೆಗೆದೆ. ಒಟ್ಟು ಒಂಬತ್ತು ಒಳ್ಳೆಯ ರಾತ್ರಿಗಳಲ್ಲಿ ಐದೈದು ನಿಮಿಷದ 96 ಚಿತ್ರ ಸಿಕ್ಕವು. ಒಂದೊಂದನ್ನು ನೋಡಿದರೆ ಬೂದಿ ಚೆಲ್ಲಿದ ಹಾಗೆ. ಎಂಟು ಗಂಟೆಯನ್ನು ಕೂಡಿಸಿ ಸರಾಸರಿ ಮಾಡಿದಾಗ ಅನಿಲದ ಮಡಿಕೆಗಳು, ನಡುವೆ ಕಪ್ಪು ಧೂಳಿನ ಸೀಳು, ಎಲ್ಲ ಎದ್ದು ಬಂದವು.

ಹಳೆಯ ಸೋಡಿಯಂ ಬೀದಿ ದೀಪಗಳ ಬೆಳಕು ಬಹುಪಾಲು ಹಳದಿ–ಕಿತ್ತಳೆಯಲ್ಲೇ ಇರುತ್ತಿತ್ತು, ಫಿಲ್ಟರ್ ಅದನ್ನು ಸುಲಭವಾಗಿ ತಡೆಯುತ್ತಿತ್ತು. ಈಗಿನ ಬಿಳಿ ಎಲ್‌ಇಡಿ ನೀಲಿಯಿಂದ ಕೆಂಪಿನವರೆಗೆ ಹರಡಿಕೊಳ್ಳುತ್ತದೆ, ಆದ್ದರಿಂದ ಸ್ವಲ್ಪ ಒಳಗೆ ನುಗ್ಗಿಯೇ ತೀರುತ್ತದೆ. ದೀಪ ಬೇಡವೆಂದು ನಾನು ಹೇಳುವುದಿಲ್ಲ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ರಸ್ತೆಯಲ್ಲಿ ಬೆಳಕು ಬೇಕೇ ಬೇಕು. ಆದರೆ ಬೆಳಕು ಬೀಳಬೇಕಾದದ್ದು ರಸ್ತೆಯ ಮೇಲೆ. ದೀಪದ ಮೇಲೊಂದು ತಗಡಿನ ಟೊಪ್ಪಿಗೆ ಇದ್ದರೆ ಅದೇ ದೀಪದ ಬೆಳಕು ರಸ್ತೆಗೇ ಹೆಚ್ಚು ಸಿಗುತ್ತದೆ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರ ಡಿಸೆಂಬರಿನಲ್ಲಿ ಕತ್ತಲ ಆಕಾಶದ ಸಂರಕ್ಷಿತ ವಲಯವೆಂದು ಘೋಷಿಸಿದರು. ಅಷ್ಟು ನಾವು ಕೇಳುವಂತಿಲ್ಲ. ಶಾಲೆಯ ಮೈದಾನದ ದೀಪಗಳಿಗೆ ಟೊಪ್ಪಿಗೆ ಹಾಕಿಸುವ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಹೊರಬಹುದು. ನನ್ನ ಪಾಲು ಕೊಡಲು ಸಿದ್ಧನಿದ್ದೇನೆ.

ಕಳೆದ ವರ್ಷ ಕರೀನಾ ಚಿತ್ರವನ್ನು ಎಂಟನೇ ತರಗತಿಯ ಮಕ್ಕಳಿಗೆ ತೋರಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೇಳಿದಳು: "ಅಣ್ಣ, ಈ ಬಣ್ಣ ನಿಜಾನಾ?" ಅರ್ಧ ನಿಜ ಎಂದೆ. ಕ್ಯಾಮೆರಾ ಕಪ್ಪು ಬಿಳುಪಿನದು, ಯಾವ ಫಿಲ್ಟರಿನ ಚಿತ್ರಕ್ಕೆ ಯಾವ ಬಣ್ಣವೆಂದು ಹಚ್ಚಿದ್ದು ನಾನು. ಅನಿಲ ಎಲ್ಲಿದೆ, ಎಷ್ಟಿದೆ ಎಂಬುದು ನಿಜ. ಅವಳು ಸ್ವಲ್ಪ ಯೋಚಿಸಿ, "ಮತ್ತೆ ನಮ್ಮೂರಿಂದ ತೆಗೆದಿದ್ದು ಅನ್ನೋದು?" ಎಂದಳು. ಅದು ಪೂರ್ತಿ ನಿಜ ಎಂದೆ. ನಂಬಲಿಲ್ಲ. ಮನೆಗೆ ಬಂದು ನೋಡುತ್ತೇನೆ ಎಂದಳು.

ಬರುವ ಮಾರ್ಚ್‌ನ ಅಮಾವಾಸ್ಯೆಯ ಆಸುಪಾಸಿನಲ್ಲಿ ಅವಳ ತರಗತಿಯನ್ನು ಕರೆದಿದ್ದೇನೆ. ಹಿತ್ತಿಲಿನಲ್ಲಿ ಹದಿನೈದು ಜನಕ್ಕೆ ಜಾಗವಿದೆ, ಪೋಷಕರೂ ಬರಬಹುದು. ಬೇಗ ಮಾಡಬೇಕು. ದಕ್ಷಿಣದ ಆ ಸಂದಿನಲ್ಲಿದ್ದ ಖಾಲಿ ಸೈಟಿನಲ್ಲಿ ಪಾಯ ತೋಡಿದ್ದಾರೆ. ಮೊನ್ನೆ ನೋಡಿದಾಗ ಎರಡನೇ ಮಹಡಿಯ ಪಿಲ್ಲರುಗಳಿಗೆ ಕಂಬಿ ಕಟ್ಟುತ್ತಿದ್ದರು.