ಪಹಣಿ ಕಂಪ್ಯೂಟರ್ ಹತ್ತಿದ ಕಥೆ

ಹೊಲ ರೈತನದು, ಅದರ ಕಾಗದ ಮಾತ್ರ ಇನ್ನೊಬ್ಬರ ಬಗಲಲ್ಲಿ. ನಮ್ಮ ಹಳ್ಳಿಗಳಲ್ಲಿ ತುಂಬಾ ಕಾಲ ನಡೆದದ್ದು ಹೀಗೇ. ಮೊದಲು ಆ ಪುಸ್ತಕ ಶಾನುಭೋಗರ ಮನೆಯಲ್ಲಿತ್ತು. ವಂಶಪಾರಂಪರ್ಯದ ಹಳ್ಳಿ ಹುದ್ದೆಗಳನ್ನು ತೆಗೆದುಹಾಕುವ ಕಾನೂನು 1961ರಲ್ಲಿ ಬಂತು, ಶಾನುಭೋಗಿಕೆ ಹೋಗಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಒಂದು ಬಗಲಿಂದ ಇನ್ನೊಂದು ಬಗಲಿಗೆ ಹೋಯಿತು, ಅಷ್ಟೇ. ಬೆಳೆಸಾಲಕ್ಕೆ ಪಹಣಿ ಬೇಕು ಅಂತ ಹೋದರೆ, ‘ಅವ್ರು ಇನ್ನೊಂದು ಹಳ್ಳಿಗೆ ಹೋಗವ್ರೆ, ನಾಳೆ ಬಾ.’ ಆ ನಾಳೆ ಬೇಗ ಬರಬೇಕಾದರೆ ಕೈ ಬಿಸಿ ಮಾಡಬೇಕು.

ಪಹಣಿಯನ್ನು ಬರೀ ಒಂದು ಹಾಳೆ ಅಂದುಕೊಳ್ಳಬೇಡಿ. ಅದರ 9ನೇ ಕಾಲಂನಲ್ಲಿ ಒಡೆಯನ ಹೆಸರು, 12ನೇ ಕಾಲಂನಲ್ಲಿ ಉಳುವವನ ಹೆಸರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾನೂನನ್ನು ಬಿಗಿ ಮಾಡಿ, ಗೇಣಿ ಹೊಲ ಉಳುವವನದೇ ಎಂದಾಗ, ನ್ಯಾಯಮಂಡಳಿಗಳ ಮುಂದೆ ಈ 12ನೇ ಕಾಲಂ ದೊಡ್ಡ ಸಾಕ್ಷಿಯಾಯಿತು. ಅಲ್ಲಿ ಹೆಸರು ಬಿದ್ದಿದ್ದವನ ವಾದ ಗಟ್ಟಿ. ಬೀಳದವನು ಅಪ್ಪನ ಕಾಲದಿಂದ ಉತ್ತಿದ್ದರೂ ಅಕ್ಕಪಕ್ಕದ ಹೊಲದವರನ್ನು ಕಾಡಿಬೇಡಿ ಸಾಕ್ಷಿಗೆ ಕರೆತರಬೇಕು. ಹಾಗಾಗಿಯೇ ಪುಸ್ತಕ ಬರೆಯುವವರ ಕೈಗೆ ಅಷ್ಟು ಬೆಲೆ ಇತ್ತು.

ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಯೋಚನೆಯೇನೂ ‘ಭೂಮಿ’ ಯೋಜನೆಯದಲ್ಲ. ಕೇಂದ್ರದ ದುಡ್ಡಿನಲ್ಲಿ 1988ರ ಸುಮಾರಿಗೇ ಆ ಕೆಲಸ ಶುರುವಾಗಿತ್ತು, ನಮ್ಮ ರಾಜ್ಯದಲ್ಲಿ ಪ್ರಯೋಗ ನಡೆದದ್ದು ಆಮೇಲೆ, ಗುಲಬರ್ಗಾ ಜಿಲ್ಲೆಯಲ್ಲಿ. ಟೈಪೇನೋ ಮಾಡಿದರು. ಆದರೆ ಹಳ್ಳಿಯಲ್ಲಿ ಕೈಬರಹದ ಪುಸ್ತಕವೂ ನಡೀತಾ ಇತ್ತಲ್ಲ, ಹೊಲ ಕೈ ಬದಲಾದರೆ ಅಲ್ಲಿ ತಿದ್ದುಪಡಿಯಾಗುತ್ತಿತ್ತು, ಇಲ್ಲಿ ಇಲ್ಲ. ಕಂಪ್ಯೂಟರಿನ ಪಹಣಿ ಹಳೇ ಪಂಚಾಂಗವಾಯಿತು.

2000ದ ಹೊತ್ತಿಗೆ ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ ನಡೆದ ‘ಭೂಮಿ’ಯ ಜಾಣತನ ಇದ್ದದ್ದು ಇಲ್ಲೇ. ಒಂದು ತಾಲ್ಲೂಕಿನಲ್ಲಿ ಕೇಂದ್ರ ತೆರೆದ ಮೇಲೆ ಕೈಬರಹದ ಪಹಣಿ ಅಲ್ಲಿ ನಡೆಯುವುದಿಲ್ಲ ಎಂದು ಆದೇಶವೇ ಆಯಿತು. ನನ್ನ ಕೇಳಿದರೆ ಯಂತ್ರಕ್ಕಿಂತ ಈ ಆದೇಶವೇ ದೊಡ್ಡದು. 177 ತಾಲ್ಲೂಕು, ಸುಮಾರು 67 ಲಕ್ಷ ರೈತರು, 2 ಕೋಟಿ ದಾಖಲೆ. ಪಹಣಿಗೆ 15 ರೂಪಾಯಿ. ಸಿಬ್ಬಂದಿ ಬೆರಳಚ್ಚು ಕೊಟ್ಟರಷ್ಟೇ ಕಂಪ್ಯೂಟರ್ ತೆರೆಯುತ್ತಿತ್ತು, ಇನ್ನೊಂದು ಪರದೆ ರೈತನ ಕಡೆಗೇ ತಿರುಗಿತ್ತು. ಖಾತೆ ಬದಲಾವಣೆ ಅರ್ಜಿಗಳು ಸರದಿಯಲ್ಲೇ ಹೋಗಬೇಕು. ಪಬ್ಲಿಕ್ ಅಫೇರ್ಸ್ ಸೆಂಟರ್‌ನವರು 2002ರಲ್ಲಿ ಬಳಕೆದಾರರನ್ನು ಕೇಳಿದಾಗ, ಹಳೇ ಪದ್ಧತಿಯಲ್ಲಿ ಲಂಚ ಕೊಟ್ಟೆವು ಅಂದವರು ನೂರಕ್ಕೆ 66, ಭೂಮಿ ಕೇಂದ್ರದಲ್ಲಿ 3. ಇದು ಸಣ್ಣ ಮಾತಲ್ಲ.

ಆದರೆ ಹಳ್ಳಿಯಲ್ಲೇ ಸಿಗುತ್ತಿದ್ದ ಕಾಗದಕ್ಕೆ ಈಗ ತಾಲ್ಲೂಕಿಗೆ ಹೋಗಬೇಕಾಯಿತು. ಬಸ್ ಚಾರ್ಜು, ಜೊತೆಗೆ ಒಂದು ದಿನದ ಕೂಲಿ ಖೋತಾ. ಇನ್ನು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದದ್ದು ಬೇರೆಯದೇ ಸಂಗತಿ: ಬೆಂಗಳೂರಿನ ಆಸುಪಾಸಿನಲ್ಲಿ ಈ ದಾಖಲೆಗಳಿಂದ ದೊಡ್ಡ ಲಾಭವಾದದ್ದು ಜಮೀನು ಹುಡುಕುತ್ತಿದ್ದ ದೊಡ್ಡ ಕುಳಗಳಿಗೆ. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಇರಲಿ.

ನನಗೆ ಕಾಡುವುದು ಮತ್ತೆ ಆ 12ನೇ ಕಾಲಂ. ಕಾನೂನಿನ ಪ್ರಕಾರ ಗೇಣಿ ರದ್ದಾಗಿದೆ, ಊರಲ್ಲಿ ಮಾತ್ರ ಬಾಯಿಮಾತಿನ ಗುತ್ತಿಗೆ, ವಾರ, ಕೋರು ನಡೆದೇ ಇದೆ. ಹಾಗೆ ಉಳುವವರ ಹೆಸರನ್ನು ಆ ಕಾಲಂನಲ್ಲಿ ಬರೆಸಲು ಒಡೆಯರು ಬಿಡುವುದಿಲ್ಲ, 1974ನ್ನು ಅವರೂ ಮರೆತಿಲ್ಲ. ಪಹಣಿ ಈಗ ಮೊಬೈಲಿನಲ್ಲೇ ಸಿಗುತ್ತೆ. ಬರ ಬಿದ್ದಾಗ ಬೆಳೆ ಪರಿಹಾರ ನೇರ ಬ್ಯಾಂಕಿಗೇ ಬರುತ್ತೆ, ಪಹಣಿಯಲ್ಲಿ ಒಡೆಯ ಅಂತ ಹೆಸರಿರುವವರ ಖಾತೆಗೆ. ಬಿತ್ತನೆಗೆ ಸಾಲ ಮಾಡಿದವರು ಅವರ ಮನೆ ಮುಂದೆ ಹೋಗಿ ನಿಂತು ಕೇಳಬೇಕು.