ತಿರುವೊಟ್ಟಿಯೂರಿನ ನಮ್ಮ ಮನೆ, ಅಪ್ಪನ ಡಯಾಲಿಸಿಸ್, ಒಂದು ಫೋನು

ಇವತ್ತಿನ ಕಥೆ ಚೆನ್ನೈನ ಉತ್ತರ ತುದಿಯದ್ದು. ತಿರುವೊಟ್ಟಿಯೂರಿನ ತ್ಯಾಗರಾಜಸ್ವಾಮಿ ದೇವಸ್ಥಾನದ ಹತ್ತಿರ ನಮ್ಮ ಮನೆ. 2021ರಲ್ಲಿ ಮೆಟ್ರೋ ವಿಮ್ಕೋ ನಗರದವರೆಗೂ ಬಂತು, ನಿಜ. ಆದರೆ ನನ್ನ ಆಫೀಸು ಓಎಂಆರ್‌ನಲ್ಲಿ, ಅಂದರೆ ಊರಿನ ಇನ್ನೊಂದು ತುದಿ. ಹಗಲೆಲ್ಲ ಅಪ್ಪ ಒಬ್ಬರೇ. ಅವರದು ಸಿಎಪಿಡಿ: ದಿನಕ್ಕೆ ನಾಲ್ಕು ಸಲ ಎರಡು ಲೀಟರ್ ದ್ರಾವಣವನ್ನು ಕೊಳವೆಯಿಂದ ಹೊಟ್ಟೆಗೆ ಬಿಡೋದು, ಕೆಲವು ಗಂಟೆ ಇಟ್ಟು ಹೊರಗೆ ಹರಿಸೋದು.

ಇಂಥ ಕೆಲಸ ರೋಗಿಯ ಕೈಗೆ ಬಂದದ್ದು ಹೇಗೆ? 1943ರಲ್ಲಿ, ಜರ್ಮನ್ನರ ಹಿಡಿತದಲ್ಲಿದ್ದ ಹಾಲೆಂಡ್‌ನ ಕಾಂಪೆನ್ ಊರಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ಯಂತ್ರ ಮಾಡಿದರು. ಅದರಿಂದ ಬದುಕುಳಿದ ಮೊದಲ ರೋಗಿ ಸಿಕ್ಕಿದ್ದು 1945ರಲ್ಲಿ. 1960ರಲ್ಲಿ ಸಿಯಾಟಲ್‌ನ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ಕೈಯಲ್ಲೇ ಉಳಿಸಿದರು; ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯ್ತು. 1976ರಲ್ಲಿ ಟೆಕ್ಸಾಸ್‌ನ ಎಂಜಿನಿಯರ್ ಪೊಪೊವಿಚ್, ವೈದ್ಯ ಮಾನ್‌ಕ್ರೀಫ್ ಯಂತ್ರವೇ ಬೇಡದ ಸಿಎಪಿಡಿಯನ್ನು ವಿವರಿಸಿದರು. ಹೊಟ್ಟೆಯೊಳಗಿನ ಪೊರೆಯೇ ಜರಡಿ!

ನಮ್ಮ ಗಡಿಗೂ ಇದಕ್ಕೂ ನಂಟಿದೆ. ಮನೆ ಬಾಗಿಲಿಗೆ ಚಿಕಿತ್ಸೆ ತರುವ ತಮಿಳುನಾಡಿನ 'ಮಕ್ಕಳೈ ತೇಡಿ ಮರುತ್ತುವಂ' 2021ರ ಆಗಸ್ಟ್ 5ರಂದು ಶುರುವಾದದ್ದು ಕನ್ನಡವೂ ಕೇಳಿಸುವ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಸಿಎಪಿಡಿ ಚೀಲಗಳೂ ಅದರಲ್ಲಿ ಸೇರಿವೆ.

ಚೀಲ ಮನೆಗೆ ಬಂತು, ಸರಿ. ನೋಡಿಕೊಳ್ಳೋರು ಯಾರು? ಅಪ್ಪನಿಗೆ ತಮಿಳು ಅಷ್ಟಕ್ಕಷ್ಟೇ. ಅದಕ್ಕೇ ಫೋನಿನಲ್ಲಿ ಕನ್ನಡದ ಫಾರಂ ಮಾಡಿಕೊಟ್ಟೆ: ತೂಕ, ಬಿಪಿ, ಹೊರಬಂದ ನೀರಿನ ಅಳತೆ, ನೀರು ತಿಳಿಯಾಗಿದೆಯಾ? ಪ್ರತಿದಿನವೂ 'ಹೌದು' ಅಂತಲೇ ಬರುತ್ತಿತ್ತು. ನನಗೂ ನೆಮ್ಮದಿ.

ಒಂದು ಸಂಜೆ ಮನೆಗೆ ಬಂದಾಗ ಅಪ್ಪ ಹೊಟ್ಟೆ ಹಿಡಿದು ಕೂತಿದ್ದರು. ಚೀಲದ ನೀರು ಗಂಜಿಯ ತಿಳಿಯ ಹಾಗೆ ಮಬ್ಬು. ಅಂದರೆ ಸೋಂಕು. ಫಾರಂನಲ್ಲಿ ಮಾತ್ರ 'ಹೌದು'.

"ಯಾಕಪ್ಪಾ ಹೀಗೆ ಬರೆದ್ರಿ?"

"ನೀನು ಮೀಟಿಂಗಲ್ಲಿ ಇರ್ತೀಯಲ್ಲೋ."

ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು, ಚೀಲವನ್ನೂ ಒಯ್ದೆವು. ಆಂಟಿಬಯೋಟಿಕ್‌ನಿಂದ ವಾಸಿಯಾಯ್ತು. ಇನ್ನೂ ತಡವಾಗಿದ್ದರೆ?

ಆ ಪ್ರಶ್ನೆಯನ್ನು ಫಾರಂನಿಂದ ತೆಗೆದುಹಾಕಿದೆ. ಈಗ ಅಪ್ಪ ಚೀಲದ ಹಿಂದೆ ಹಳೇ ಕನ್ನಡ ಪತ್ರಿಕೆ ಹಿಡಿದು ಫೋಟೋ ಕಳಿಸುತ್ತಾರೆ. ಅಕ್ಷರ ಓದೋಕೆ ಬಂದರೆ ನೀರು ತಿಳಿ. ಬರದಿದ್ದರೆ ತಕ್ಷಣ ಆಸ್ಪತ್ರೆಗೆ ಫೋನು. ಮೀಟಿಂಗ್ ಮಧ್ಯೆ ಫೋಟೋ ಬಂದರೂ ಸರಿಯೇ, ನಾನು ಆ ಸಾಲು ಓದಿಯೇ ಮುಂದಿನ ಮಾತಾಡೋದು.

ನಿಮ್ಮ ಮನೆಯವರ ಫೋನಿಗೆ ಆಪ್ ಹಾಕಿಕೊಡುವ ಮೊದಲು ಒಂದು ಮಾತು ಹೇಳಿಬಿಡಿ: ಕೆಟ್ಟ ಸುದ್ದಿಗೆ ನಾನು ಯಾವಾಗಲೂ ಬಿಡುವಾಗಿರ್ತೀನಿ ಅಂತ. ಮತ್ತೆ ಸಿಗೋಣ.