ಎರಡರತ್ತ ತೆವಳುವ ಘಾತಾಂಕ

ಪಿಯುಸಿ ಗಣಿತ ಓದಿದವರಿಗೆಲ್ಲ ಮ್ಯಾಟ್ರಿಕ್ಸ್ ಗುಣಾಕಾರ ಗೊತ್ತು: ಮೊದಲನೆಯದರ ಅಡ್ಡಸಾಲನ್ನು ಎರಡನೆಯದರ ಕಂಬಸಾಲಿನ ಜೊತೆ ಒಂದೊಂದಾಗಿ ಗುಣಿಸಿ ಕೂಡುವುದು. ಸಾವಿರಕ್ಕೆ ಸಾವಿರ ಅಳತೆಯ ಎರಡು ಮ್ಯಾಟ್ರಿಕ್ಸ್‌ಗಳಿಗೆ ಹೀಗೆ ನೂರು ಕೋಟಿ ಗುಣಾಕಾರ ಬೇಕು. ಅಳತೆ ಇಮ್ಮಡಿಸಿದರೆ ಕೆಲಸ ಎಂಟು ಪಟ್ಟು, ಅಂದರೆ ಘಾತಾಂಕ 3. 1968ರಲ್ಲಿ ಶ್ಮುಯೆಲ್ ವಿನೋಗ್ರಾಡ್ ಗುಣಾಕಾರಗಳನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿದರೂ ಆ 3 ಕದಲಲಿಲ್ಲ.

ಕದಲಿಸಿದವರು ಜರ್ಮನಿಯ ಫೋಲ್ಕರ್ ಸ್ಟ್ರಾಸೆನ್. 1969ರ ಅವರ ಲೇಖನ ಬರೀ ಮೂರು ಪುಟದ್ದು. ಎರಡಕ್ಕೆರಡು ಮ್ಯಾಟ್ರಿಕ್ಸ್‌ಗಳನ್ನು ಎಂಟರ ಬದಲು ಏಳೇ ಗುಣಾಕಾರದಲ್ಲಿ ಮುಗಿಸಬಹುದೆಂದು ಅವರು ತೋರಿಸಿದರು. ಅದಕ್ಕೆ ತೆತ್ತ ಬೆಲೆ 18 ಕೂಡು-ಕಳೆಗಳು. ಒಂದೇ ಒಂದು ಗುಣಾಕಾರ ಉಳಿದರೆ ಏನು ಮಹಾ ಎನ್ನಬಹುದು. ಆದರೆ ಅವರ ಸೂತ್ರ ಗುಣಾಕಾರದ ಕ್ರಮವನ್ನು ಎಲ್ಲಿಯೂ ಅದಲುಬದಲು ಮಾಡುವುದಿಲ್ಲ. ಹಾಗಾಗಿ ಸಂಖ್ಯೆಗಳಿರುವ ಜಾಗದಲ್ಲಿ ಮ್ಯಾಟ್ರಿಕ್ಸ್‌ಗಳನ್ನೇ ಇಡಬಹುದು, ಅವುಗಳೊಳಗೆ ಮತ್ತೆ ಚಿಕ್ಕವನ್ನು. 1024 ಅಳತೆಯ ಮ್ಯಾಟ್ರಿಕ್ಸನ್ನು ಹೀಗೆ ಕೊನೆಯವರೆಗೂ ಒಡೆಯುತ್ತ ಹೋದರೆ 107 ಕೋಟಿ ಗುಣಾಕಾರಗಳು 28 ಕೋಟಿಗೆ ಇಳಿಯುತ್ತವೆ. ಘಾತಾಂಕ 2.807. ಎರಡಕ್ಕೆರಡರಲ್ಲಿ ಏಳಕ್ಕಿಂತ ಕೆಳಗೆ ಇಳಿಯಲಾಗದೆಂದು 1971ರಲ್ಲಿ ವಿನೋಗ್ರಾಡ್ ಸಾಧಿಸಿದರು.

ಘಾತಾಂಕದ ವಿಷಯದಲ್ಲಿ ಮಾತ್ರ ಸ್ಟ್ರಾಸೆನ್ ನಂತರ ಒಂಬತ್ತು ವರ್ಷ ಸದ್ದಿಲ್ಲ. 1978ರಲ್ಲಿ ವಿಕ್ಟರ್ ಪ್ಯಾನ್ 70 ಅಳತೆಯ ಮ್ಯಾಟ್ರಿಕ್ಸ್‌ಗಳನ್ನು 1,43,640 ಗುಣಾಕಾರಗಳಲ್ಲಿ ಮುಗಿಸಿ 2.795ಕ್ಕೆ ತಂದರು. ಮರುವರ್ಷ ಇಟಲಿಯ ದಾರಿಯೋ ಬಿನಿ ಮತ್ತು ಸಂಗಡಿಗರು ಹೊಸ ಬಾಗಿಲೊಂದನ್ನು ತೆರೆದರು. ಉತ್ತರದಲ್ಲಿ ಬೇಕಾದಷ್ಟು ಚಿಕ್ಕದಾಗಿಸಬಲ್ಲ ತಪ್ಪನ್ನು ಒಪ್ಪಿಕೊಂಡರೆ ಇನ್ನೂ ಕಡಿಮೆ ಗುಣಾಕಾರ ಸಾಕು; ಆ ತಪ್ಪನ್ನು ಕೊನೆಗೆ ಪೂರ್ತಿ ತೊಡೆದೂ ಹಾಕಬಹುದು. ಅರ್ನಾಲ್ಡ್ ಷೋನ್‌ಹಾಗೆ 1981ರಲ್ಲಿ ಇದನ್ನು ಮುಂದಕ್ಕೊಯ್ದು, ಸಂಬಂಧವಿಲ್ಲದ ಹಲವು ಗುಣಲಬ್ಧಗಳನ್ನು ಒಟ್ಟಿಗೆ ಲೆಕ್ಕಹಾಕುವುದು ಬಿಡಿಬಿಡಿಯಾಗಿ ಹಾಕುವುದಕ್ಕಿಂತ ಅಗ್ಗವಾಗಬಹುದೆಂದು ತೋರಿಸಿದರು. ಇಡೀ ಚರಿತ್ರೆಯಲ್ಲಿ ನನಗೆ ಅತಿ ವಿಚಿತ್ರವಾಗಿ ಕಾಣುವುದು ಇದೇ. ಅಂಕಗಣಿತದ ಜಾಣತನವಾಗಿ ಶುರುವಾದ ವಿಷಯ ಅಷ್ಟರಲ್ಲಿ ಟೆನ್ಸರ್‌ಗಳ, ಅಂದರೆ ಎರಡಕ್ಕಿಂತ ಹೆಚ್ಚು ದಿಕ್ಕುಗಳಲ್ಲಿ ಜೋಡಿಸಿದ ಸಂಖ್ಯೆಗಳ, ಅಧ್ಯಯನವಾಗಿತ್ತು. 1986ರಲ್ಲಿ ಸ್ಟ್ರಾಸೆನ್, ಟೆನ್ಸರ್ ಒಂದರ ದೊಡ್ಡ ಘಾತದಿಂದ ಮ್ಯಾಟ್ರಿಕ್ಸ್ ಗುಣಾಕಾರಗಳನ್ನು ಹೆಕ್ಕಿ ತೆಗೆಯುವ 'ಲೇಸರ್ ವಿಧಾನ' ಕೊಟ್ಟರು. ಅದನ್ನು ತಮ್ಮದೇ ಟೆನ್ಸರ್ ಒಂದರ ಮೇಲೆ ಪ್ರಯೋಗಿಸಿ ಡಾನ್ ಕಾಪರ್‌ಸ್ಮಿತ್ ಮತ್ತು ವಿನೋಗ್ರಾಡ್ ಮರುವರ್ಷ 2.376 ತಲುಪಿದರು.

ಅಲ್ಲಿಂದಾಚೆ ಮುನ್ನಡೆ ಮೂರನೆಯ, ನಾಲ್ಕನೆಯ ದಶಮಾಂಶದಲ್ಲಿ. 2010ರ ನಂತರ ಆಂಡ್ರ್ಯೂ ಸ್ಟಾದರ್ಸ್, ವರ್ಜಿನಿಯಾ ವಾಸಿಲೆವ್‌ಸ್ಕಾ ವಿಲಿಯಮ್ಸ್, ಫ್ರಾಂಸ್ವಾ ಲೆ ಗಾಲ್ ಅದೇ ಟೆನ್ಸರಿನ ನಾಲ್ಕನೆಯ, ಎಂಟನೆಯ, ಮೂವತ್ತೆರಡನೆಯ ಘಾತಗಳನ್ನು ಶೋಧಿಸಿದರು. ಹಿಂಡಿದ ಕಬ್ಬನ್ನೇ ಮತ್ತೆ ಮತ್ತೆ ಗಾಣಕ್ಕೆ ಕೊಟ್ಟಂತೆ. ಈ ದಾರಿಯಲ್ಲಿ 2.3725ರ ಕೆಳಗೆ ಇಳಿಯಲಾಗದೆಂದು 2015ರಲ್ಲಿ ಲೆ ಗಾಲ್ ಅವರೇ ಅಂಬೈನಿಸ್, ಫಿಲ್ಮುಸ್ ಜೊತೆ ಸೇರಿ ಸಾಧಿಸಿದರು. 2022ರಲ್ಲಿ ದುವಾನ್, ವು, ಝೌ ಆ ವಿಧಾನದೊಳಗೆ ಅಡಗಿದ್ದ ಸೋರಿಕೆಯೊಂದನ್ನು ಪತ್ತೆಹಚ್ಚಿ ಈ ಗೋಡೆಯನ್ನು ಬಳಸಿಕೊಂಡು ಹೋದರು. 2024ರ ಹೊತ್ತಿಗೆ ದಾಖಲೆ 2.371339. ಫಲಿತಾಂಶವನ್ನು ಬರೆದಿಡಲಿಕ್ಕೇ ಬೇಕಾದ ಘಾತಾಂಕ 2. ಅದನ್ನು ಮುಟ್ಟಲಾಗದೆಂದು ಯಾರೂ ಸಾಧಿಸಿಲ್ಲ. ಕಾಪರ್‌ಸ್ಮಿತ್–ವಿನೋಗ್ರಾಡ್ ಟೆನ್ಸರಿನಿಂದ ಮುಟ್ಟಲಾಗದು ಎಂಬುದು ಮಾತ್ರ ಖಚಿತವಾಗಿದೆ.

ಇವುಗಳಿಂದ ಕಂಪ್ಯೂಟರ್ ಚುರುಕಾಯಿತೇ? ಇಲ್ಲ. ಈ ದಾಖಲೆಗಳು ಲಾಭ ಕೊಡಬೇಕಾದರೆ ಯಾವ ಯಂತ್ರಕ್ಕೂ ಹಿಡಿಸದಷ್ಟು ದೊಡ್ಡ ಮ್ಯಾಟ್ರಿಕ್ಸ್‌ಗಳು ಬೇಕು. ಬಳಕೆಗೆ ಬರುವುದು ಸ್ಟ್ರಾಸೆನ್ ವಿಧಾನವೊಂದೇ. ಅದೂ ಅಳತೆ ಸಾಕಷ್ಟು ದೊಡ್ಡದಿದ್ದಾಗ, ಹೆಚ್ಚುವರಿ ಮೆಮೊರಿ ಮತ್ತು ದಶಮಾಂಶದ ತುಸು ಹೆಚ್ಚಿನ ದೋಷವನ್ನು ಸಹಿಸಿಕೊಂಡರೆ. ಗ್ರಾಫಿಕ್ಸ್ ಚಿಪ್‌ಗಳು ಬಹುಪಾಲು ಹಳೆಯ ಘನ ವಿಧಾನವನ್ನೇ ಅಚ್ಚುಕಟ್ಟಾಗಿ ಜೋಡಿಸಿಕೊಂಡು ಓಡಿಸುತ್ತವೆ. ಹಾಗೆಂದು ಘಾತಾಂಕದ ಬೆನ್ನುಹತ್ತುವುದು ವ್ಯರ್ಥವೆಂದು ನಾನು ಹೇಳಲಾರೆ: ಡಿಟರ್ಮಿನೆಂಟ್, ವಿಲೋಮ, ಸಮೀಕರಣಗಳ ಬಿಡಿಸುವಿಕೆ ಎಲ್ಲದರ ಘಾತಾಂಕವನ್ನೂ ಇದೇ ನಿರ್ಧರಿಸುತ್ತದೆ.

ಈಚೆಗೆ ಕುತೂಹಲ ಮತ್ತೆ ಚಿಕ್ಕ ಮ್ಯಾಟ್ರಿಕ್ಸ್‌ಗಳತ್ತ ತಿರುಗಿದೆ. ಸ್ಟ್ರಾಸೆನ್ ಸೂತ್ರವನ್ನು ಎರಡು ಸಲ ಹಚ್ಚಿದರೆ ನಾಲ್ಕಕ್ಕೆ ನಾಲ್ಕರದು 49 ಗುಣಾಕಾರ. 2022ರಲ್ಲಿ ಡೀಪ್‌ಮೈಂಡ್‌ ಸಂಸ್ಥೆಯ ಕೃತಕ ಬುದ್ಧಿಮತ್ತೆ ಆಲ್ಫಾಟೆನ್ಸರ್, ಸೊನ್ನೆ-ಒಂದರ ಅಂಕಗಣಿತಕ್ಕೆ ಸೀಮಿತವಾಗಿ, 47 ಕಂಡುಹಿಡಿಯಿತು. ಕೆಲವೇ ದಿನಗಳಲ್ಲಿ ಮ್ಯಾನುಯೆಲ್ ಕೌವರ್ಸ್ ಮತ್ತು ಯಾಕೊಬ್ ಮೂಸ್‌ಬೌವರ್ ಅದೇ ಅಂಕಗಣಿತದಲ್ಲಿ ಐದಕ್ಕೈದರ ಯಂತ್ರದ 96ನ್ನು 95ಕ್ಕೆ ಇಳಿಸಿದರು. 2025ರಲ್ಲಿ ಅದೇ ಸಂಸ್ಥೆಯ ಆಲ್ಫಾಇವಾಲ್ವ್ ಸಂಮಿಶ್ರ ಸಂಖ್ಯೆಗಳನ್ನು ಬಳಸಿ ನಾಲ್ಕಕ್ಕೆ ನಾಲ್ಕನ್ನು 48ರಲ್ಲಿ ಮುಗಿಸಿತು. ಮೂರಕ್ಕೆ ಮೂರರ ಲೆಕ್ಕ ಮಾತ್ರ ಬಗ್ಗಿಲ್ಲ: 1976ರಲ್ಲಿ ಲೇಡರ್‌ಮನ್ ಕೊಟ್ಟ 23ಕ್ಕಿಂತ ಉತ್ತಮವಾದ ಸಾಮಾನ್ಯ ವಿಧಾನ ಸಿಕ್ಕಿಲ್ಲ, 19ಕ್ಕಿಂತ ಕಡಿಮೆ ಸಾಧ್ಯವಿಲ್ಲವೆಂದು ಬ್ಲೇಸರ್ ತೋರಿಸಿದ್ದಾರೆ. ನಡುವಿನ ನಾಲ್ಕನ್ನು ಮನುಷ್ಯರೂ ಯಂತ್ರಗಳೂ ಇನ್ನೂ ಹುಡುಕುತ್ತಿದ್ದಾರೆ.